ಫಾಲ್ಟ್ ತುಂಬಿದ ಬೇಸಿನ್ನಿಗೆ ಪೆಟ್ರೋಲಿಯಂ ಮಾಡೆಲ್ ಕಟ್ಟುವುದು ಹೇಗೆ: ಹಂತ ಹಂತವಾಗಿ

"ಮಾಡೆಲ್ ಓಡಿತು ಸಾರ್, ಆದರೆ ಎಣ್ಣೆ ಎಲ್ಲೂ ಸೇರಲಿಲ್ಲ." ಈ ಮಾತನ್ನು ವರ್ಷಕ್ಕೆ ನಾಲ್ಕೈದು ಸಲ ಕೇಳುತ್ತೇನೆ. ಬೇಸಿನ್ ಅಂದರೆ ಮಣ್ಣು, ಮರಳು ಪದರ ಪದರವಾಗಿ ತುಂಬಿದ ತಗ್ಗು. ಅದರಲ್ಲಿ ಎಣ್ಣೆ ಯಾವಾಗ ಹುಟ್ಟಿ ಎಲ್ಲಿ ಸೇರಿತು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದೇ ಈ ಮಾಡೆಲ್. ಇನ್ನು ಕೆಲವರದ್ದು ಉಲ್ಟಾ. ಒಣಬಾವಿ ಅಂತ ಗೊತ್ತಿರುವ ಜಾಗದಲ್ಲೇ ಅವರ ಮಾಡೆಲ್ ಎಣ್ಣೆ ತುಂಬಿಸಿಕೊಂಡು ಕೂತಿರುತ್ತದೆ. ಫೈಲ್ ತೆಗೆದು ನೋಡಿದರೆ ಹತ್ತಕ್ಕೆ ಎಂಟು ಸಲ ತಪ್ಪು ಒಂದೇ. ಇವತ್ತಿನ ಡೆಪ್ತ್ ಮ್ಯಾಪ್ ಹಾಕಿದ್ದಾರೆ, ಫಾಲ್ಟುಗಳನ್ನು (ಕಲ್ಲು ಸೀಳಿ ಜಾರಿದ ಬಿರುಕುಗಳನ್ನು) ಗೆರೆಯ ಹಾಗೆ ಎಳೆದಿದ್ದಾರೆ, ರನ್ ಒತ್ತಿದ್ದಾರೆ. ಆ ಫಾಲ್ಟ್ ಯಾವಾಗ ಹುಟ್ಟಿತು, ಯಾವಾಗ ಜಾರಿತು, ಯಾವಾಗ ಮಲಗಿತು ಅನ್ನುವುದು ಮಾಡೆಲಿನಲ್ಲಿ ಎಲ್ಲೂ ಇಲ್ಲ.

ತಟ್ಟೆಯ ಹಾಗೆ ಸಮತಟ್ಟಾದ ಬೇಸಿನ್ನಿನಲ್ಲಿ ಹೀಗೆ ಮಾಡಿದರೂ ನಡೆದುಹೋಗುತ್ತದೆ. ರಾಜಸ್ಥಾನದ ಬಾರ್ಮೇರ್‌ನಂಥ ಕಡೆ ನಡೆಯುವುದಿಲ್ಲ. ಇಲ್ಲಿ ಉದಾಹರಣೆ ಬೇಕಾದಾಗಲೆಲ್ಲ ಅದನ್ನೇ ತೆಗೆದುಕೊಳ್ಳುತ್ತೇನೆ. ಸುಮಾರು 200 ಕಿ.ಮೀ. ಉದ್ದ, 40 ಕಿ.ಮೀ. ಅಗಲದ ಕಿರಿದಾದ ರಿಫ್ಟ್ ಅದು, ಅಂದರೆ ನೆಲ ಹಿಗ್ಗಿ ಕುಸಿದ ತಗ್ಗು. 2004ರಲ್ಲಿ ಸಿಕ್ಕ ಮಂಗಳಾ ಎಣ್ಣೆ ಕ್ಷೇತ್ರ ಇರುವುದು ವಾಲಿದ ಫಾಲ್ಟ್ ಬ್ಲಾಕಿನ (ಫಾಲ್ಟುಗಳ ನಡುವಿನ ಕಲ್ಲಿನ ತುಂಡಿನ) ಮೇಲೆ. ಗೂಡಿನಲ್ಲಿ ಪುಸ್ತಕಗಳು ಒಂದರ ಮೇಲೊಂದು ಒರಗಿದ ಹಾಗೆ ಇಂಥ ಬ್ಲಾಕುಗಳು ಒರಗಿಕೊಂಡಿರುತ್ತವೆ.

ಶುರು ಮಾಡುವ ಮುಂಚೆ ಕೈಯಲ್ಲಿರಬೇಕಾದದ್ದು

ಆಳಕ್ಕೆ ಬದಲಾಯಿಸಿದ ಸೈಸ್ಮಿಕ್ (ನೆಲದೊಳಗೆ ಅಲೆ ಕಳಿಸಿ, ಮರಳಿದ ಪ್ರತಿಧ್ವನಿಯಿಂದ ಮಾಡಿದ ಚಿತ್ರ) ಬೇಕು. ಬಾವಿಗಳಲ್ಲಿ ಪದರಗಳ ತಲೆ ಎಲ್ಲೆಲ್ಲಿ ಸಿಕ್ಕಿತು ಅನ್ನುವ ಪಟ್ಟಿ, ಪ್ರತಿ ಪದರದ ವಯಸ್ಸು, ಬಾವಿಯ ತಳದ ಉಷ್ಣತೆ, ವಿಟ್ರಿನೈಟ್ ರಿಫ್ಲೆಕ್ಟೆನ್ಸ್ (ಕಲ್ಲಿನೊಳಗಿನ ಸಸ್ಯದ ಕಣದ ಹೊಳಪು, ಕಲ್ಲು ಎಷ್ಟು ಬಿಸಿ ಕಂಡಿದೆ ಅಂತ ಹೇಳುತ್ತದೆ), ರಾಕ್-ಇವ್ಯಾಲ್ (ಕಲ್ಲನ್ನು ಕಾಯಿಸಿ ಎಷ್ಟು ಎಣ್ಣೆ ಕೊಡಬಲ್ಲದು ಅಂತ ನೋಡುವ ಪರೀಕ್ಷೆ) ಫಲಿತಾಂಶ, ಒತ್ತಡದ ಅಳತೆ ಇವೂ ಬೇಕು. ಒಣಬಾವಿಗಳ ವರದಿಯನ್ನು ಮರೆಯಬೇಡಿ. ಎಣ್ಣೆ ಸಿಕ್ಕ ಬಾವಿಗಿಂತ ಸಿಗದ ಬಾವಿ ಜಾಸ್ತಿ ಕಲಿಸುತ್ತದೆ.

ಸಾಫ್ಟ್‌ವೇರ್ ಎರಡು ಬಗೆಯದು. ಪದರಗಳನ್ನು ಹಿಂದಿನ ಸ್ಥಿತಿಗೆ ಮರಳಿಸಲು ಮೂವ್‌ನಂಥದ್ದು. ಶಾಖ, ಒತ್ತಡ, ಎಣ್ಣೆಯ ಲೆಕ್ಕಕ್ಕೆ ಪೆಟ್ರೋಮಾಡ್ ಅಥವಾ ಟೆಮಿಸ್‌ಫ್ಲೋದಂಥದ್ದು. ಜೊತೆಗೆ ಒಂದು ಹಾಳೆ ಟ್ರೇಸಿಂಗ್ ಪೇಪರ್, ಒಂದು ಕತ್ತರಿ. ತಮಾಷೆಯಲ್ಲ, ಹಂತ 3ರಲ್ಲಿ ಬೇಕಾಗುತ್ತದೆ.

ಹಂತ 1: ಒಂದೇ ಪ್ರಶ್ನೆ ಬರೆದುಕೊಳ್ಳಿ

"ಬೇಸಿನ್ನಿನ ಮಾಡೆಲ್ ಮಾಡಬೇಕು" ಅನ್ನುವುದು ಪ್ರಶ್ನೆಯಲ್ಲ. "ಪೂರ್ವದ ಬ್ಲಾಕಿನ ಟ್ರ್ಯಾಪ್ (ಎಣ್ಣೆ ಸೇರಿ ನಿಲ್ಲುವ ಜಾಗ) ತಯಾರಾಗುವ ಹೊತ್ತಿಗೆ ಮೂಲಶಿಲೆಯಿಂದ (ಎಣ್ಣೆ ಹುಟ್ಟುವ ಕಲ್ಲಿನಿಂದ) ಎಣ್ಣೆ ಇನ್ನೂ ಹೊರಡುತ್ತಿತ್ತಾ?" ಅನ್ನುವುದು ಪ್ರಶ್ನೆ. ಯಾವ ಫಾಲ್ಟುಗಳನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ಮುಂದೆ ತೀರ್ಮಾನ ಮಾಡುವುದು ಇದೇ ಸಾಲು. ಇನ್ನೂರು ಫಾಲ್ಟ್ ಇರುವ ಕಡೆ ಇನ್ನೂರನ್ನೂ ಹಾಕಿದರೆ ಮಾಡೆಲ್ ನಡೆಯುವುದಿಲ್ಲ, ತೆವಳುತ್ತದೆ. ಬ್ಲಾಕುಗಳನ್ನು ಬೇರೆ ಮಾಡುವ ದೊಡ್ಡವು, ಎಣ್ಣೆಯ ದಾರಿಗೆ ಅಡ್ಡ ಬರುವವು, ಅಷ್ಟು ಸಾಕು.

ಹಂತ 2: ಇವತ್ತಿನ ಆಕಾರವನ್ನು ಶುದ್ಧ ಮಾಡಿ

ಸಮಯದ ಸೆಕ್ಷನ್ (ಆಳದ ಬದಲು ಅಲೆ ಹೋಗಿಬಂದ ಸಮಯ ತೋರಿಸುವ ಸೀಳುಚಿತ್ರ) ಮೇಲೆ ಯಾವತ್ತೂ ರೆಸ್ಟೋರೇಶನ್ (ಪದರಗಳನ್ನು ಹಿಂದಿನ ಸ್ಥಿತಿಗೆ ಮರಳಿಸುವ ಕೆಲಸ) ಮಾಡಬೇಡಿ. ಆಳಕ್ಕೆ ಬದಲಾಯಿಸಿಯೇ ಮುಂದೆ ಹೋಗಿ. ಫಾಲ್ಟಿನ ಎರಡೂ ಕಡೆ ಅಲೆಯ ವೇಗ ಬೇರೆ ಬೇರೆ. ಹಾಗಾಗಿ ಫಾಲ್ಟಿನ ಕೆಳಗೆ, ಫುಟ್‌ವಾಲಿನಲ್ಲಿ, ಪದರಗಳು ಸುಳ್ಳು ಸುಳ್ಳೇ ಬಾಗಿದಂತೆ ಕಾಣುತ್ತವೆ. ಇದನ್ನು ಫಾಲ್ಟ್ ಶ್ಯಾಡೋ ಅನ್ನುತ್ತಾರೆ. ಅಲ್ಲಿ ಕಂಡ ಸಣ್ಣ ಉಬ್ಬನ್ನು ಟ್ರ್ಯಾಪ್ ಅಂತ ನಂಬಿ ಬಾವಿ ಕೊರೆದವರಿದ್ದಾರೆ.

ಆಮೇಲೆ ಫಾಲ್ಟ್ ಮತ್ತು ಹಾರಿಜಾನ್ (ಪದರದ ಮಟ್ಟದ ಗೆರೆ) ಸೇರುವ ಜಾಗಗಳನ್ನು ಒಂದೊಂದಾಗಿ ನೋಡಿ. ಹಾರಿಜಾನ್ ಫಾಲ್ಟಿಗೆ ಮುಟ್ಟದೆ ನಡುವೆ ಸಂದು ಉಳಿದಿದೆಯಾ? ಎರಡು ಹಾರಿಜಾನ್ ಒಂದನ್ನೊಂದು ದಾಟಿವೆಯಾ? ಫಾಲ್ಟಿನ ಉದ್ದಕ್ಕೂ ಥ್ರೋ, ಅಂದರೆ ಪದರ ಎಷ್ಟು ಮೀಟರ್ ಕೆಳಗಿಳಿದಿದೆ ಅನ್ನುವುದನ್ನು ಗ್ರಾಫ್ ಹಾಕಿ. ನಡುವೆ ಜಾಸ್ತಿ, ಎರಡು ತುದಿಗೆ ಕಡಿಮೆಯಾಗುತ್ತಾ ಬಂದರೆ ಸರಿ. ನಡುನಡುವೆ ಗರಗಸದ ಹಲ್ಲಿನ ಹಾಗೆ ಏರಿಳಿದರೆ ಎರಡು ಬೇರೆ ಫಾಲ್ಟುಗಳನ್ನು ಒಂದು ಅಂತ ಹೊಲಿದಿದ್ದೀರಿ.

ಗ್ರಿಡ್ (ಲೆಕ್ಕಕ್ಕಾಗಿ ಮಾಡೆಲನ್ನು ಕತ್ತರಿಸಿದ ಕೋಶಗಳು) ವಿಷಯ ಇಲ್ಲೇ ಹೇಳಿಬಿಡುತ್ತೇನೆ. 60 ಡಿಗ್ರಿ ಇಳಿಜಾರಿನ ಫಾಲ್ಟ್ 4 ಕಿ.ಮೀ. ಆಳಕ್ಕೆ ಹೋಗುವಷ್ಟರಲ್ಲಿ ಪಕ್ಕಕ್ಕೆ ಸುಮಾರು 2.3 ಕಿ.ಮೀ. ಸರಿದಿರುತ್ತದೆ. ನಿಮ್ಮ ಗ್ರಿಡ್ ಕೋಶ 1 ಕಿ.ಮೀ. ಇದ್ದು, ಫಾಲ್ಟನ್ನು ಸುಮ್ನೆ ನೆಟ್ಟಗೆ ನಿಲ್ಲಿಸಿದರೆ ತಳದಲ್ಲಿ ಎರಡು ಕೋಶದಷ್ಟು ತಪ್ಪು ಜಾಗದಲ್ಲಿರುತ್ತದೆ. ಮೂಲಶಿಲೆ ಇರುವುದು ಆ ತಳದಲ್ಲೇ, ಅಲ್ವಾ? ಒಂದು ತುಂಡು ಇನ್ನೊಂದರ ಮೇಲೆ ಹತ್ತಿದ ಥ್ರಸ್ಟ್ ಫಾಲ್ಟ್ ಇದ್ದರೆ ಕಷ್ಟ ಇನ್ನೂ ಜಾಸ್ತಿ. ಒಂದೇ ಪದರ ಒಂದೇ ಬಾವಿಯಲ್ಲಿ ಎರಡು ಸಲ ಬರುತ್ತದೆ, ಸಾದಾ ಗ್ರಿಡ್ಡಿಗೆ ಅದು ಅರ್ಥವೇ ಆಗುವುದಿಲ್ಲ. ಅಲ್ಲಿ ಮಾಡೆಲನ್ನು ಬ್ಲಾಕುಗಳಾಗಿ ಒಡೆದು ಕಟ್ಟಬೇಕು.

ಹಂತ 3: ಕಾಲವನ್ನು ಹಿಂದಕ್ಕೆ ಬಿಚ್ಚಿ

ಇಡೀ ಕೆಲಸದಲ್ಲಿ ಅರ್ಧ ಸಮಯ ಇದಕ್ಕೇ ಹೋಗಬೇಕು. ಹೋಗದಿದ್ದರೆ ಎಲ್ಲೋ ಹಾರಿಸಿದ್ದೀರಿ ಅಂತ ಅರ್ಥ.

ಮೊದಲು ಪ್ರತಿ ದೊಡ್ಡ ಫಾಲ್ಟಿಗೆ ಒಂದು ಜಾತಕ ಬರೆಯಿರಿ. ಒಂದು ಪದರವನ್ನು ತೆಗೆದುಕೊಂಡು ಫಾಲ್ಟಿನ ಎರಡೂ ಕಡೆ ಅದರ ದಪ್ಪ ಅಳೆಯಿರಿ. ಇಳಿದ ಕಡೆ 420 ಮೀಟರ್, ಎತ್ತರದ ಕಡೆ 280 ಮೀಟರ್ ಇದ್ದರೆ ಅನುಪಾತ 1.5. ಆ ಪದರ ಬೀಳುತ್ತಿದ್ದಾಗ ಫಾಲ್ಟ್ ಜಾರುತ್ತಿತ್ತು. ಎರಡೂ ಕಡೆ ಒಂದೇ ದಪ್ಪ ಇದ್ದರೆ ಆಗ ಅದು ಮಲಗಿತ್ತು, ಇಲ್ಲಾ ಇನ್ನೂ ಹುಟ್ಟಿರಲಿಲ್ಲ. ಹೀಗೆ ಪ್ರತಿ ಪದರಕ್ಕೂ ಮಾಡಿ ಕೋಷ್ಟಕ ಕಟ್ಟಿ. ಒಂದು ಎಚ್ಚರಿಕೆ: ಎತ್ತರದ ಕಡೆ ಪದರ ತೆಳುವಾಗಿರುವುದು ಮೇಲ್ಭಾಗ ಕೊಚ್ಚಿಹೋಗಿದ್ದರಿಂದಲೂ ಇರಬಹುದು. ಸೈಸ್ಮಿಕ್‌ನಲ್ಲಿ ಗೆರೆಗಳು ಮೇಲಿನ ಮಟ್ಟಕ್ಕೆ ಬಂದು ಕತ್ತರಿಸಿದಂತೆ ನಿಂತಿದ್ದರೆ ಅದು ಸವೆತ, ಬೆಳವಣಿಗೆಯಲ್ಲ.

ಆಮೇಲೆ ಬಿಚ್ಚುವ ಕೆಲಸ. ಕ್ರಮ ಇದು, ತಪ್ಪಿಸಬೇಡಿ:

1. ಮೇಲಿನ, ಅತಿ ಹೊಸ ಪದರವನ್ನು ತೆಗೆಯಿರಿ.
2. ಅದರ ಭಾರಕ್ಕೆ ಕುಗ್ಗಿದ್ದ ಕೆಳಗಿನ ಪದರಗಳನ್ನು ಮತ್ತೆ ಉಬ್ಬಿಸಿ.
3. ಭಾರ ಇಳಿದಾಗ ತಳ ಮೇಲೇಳುತ್ತದೆ, ಆ ಐಸೊಸ್ಟಸಿ ತಿದ್ದುಪಡಿ ಮಾಡಿ.
4. ಫಾಲ್ಟಿನ ಜಾರುವಿಕೆಯನ್ನು ವಾಪಸ್ ತಳ್ಳಿ, ಈಗ ಮೇಲಿರುವ ಪದರವನ್ನು ಅಂದಿನ ನೀರಿನ ಆಳಕ್ಕೆ ಸಮ ಮಾಡಿ.

ಮುಂದಿನ ಪದರಕ್ಕೆ ಮತ್ತೆ ಮೊದಲಿಂದ.

ಎರಡನೆಯದನ್ನು ಜನ ಹಾರಿಸುತ್ತಾರೆ. ಹೊಸ ಹತ್ತಿ ಹಾಸಿಗೆ ವರ್ಷ ಕಳೆದಂತೆ ಚಪ್ಪಟೆಯಾಗುವ ಹಾಗೆ ಶೇಲ್ (ಜೇಡಿಗಲ್ಲು) ಆಳಕ್ಕೆ ಹೋದಂತೆ ಕುಗ್ಗುತ್ತದೆ. ಲೆಕ್ಕ ಒಮ್ಮೆ ಕೈಯಲ್ಲೇ ಮಾಡಿ ನೋಡಿ. ಸಾಮಾನ್ಯವಾಗಿ ಬಳಸುವ ಅಂಕಿ ಹೀಗಿದೆ: ಬೀಳುವಾಗ ಶೇಲ್‌ನ ರಂಧ್ರತೆ ಶೇ. 63, ಕುಗ್ಗುವ ಗುಣಾಂಕ ಪ್ರತಿ ಕಿ.ಮೀ.ಗೆ 0.51. ಇವತ್ತು 2ರಿಂದ 3 ಕಿ.ಮೀ. ಆಳದ ನಡುವೆ 1000 ಮೀಟರ್ ದಪ್ಪದ ಶೇಲ್ ಇದೆ ಅಂದುಕೊಳ್ಳಿ. ಅದರಲ್ಲಿ ಗಟ್ಟಿ ಕಣಗಳದ್ದು 822 ಮೀಟರ್, ಉಳಿದದ್ದು ನೀರು ತುಂಬಿದ ರಂಧ್ರ. ಅದೇ 822 ಮೀಟರ್ ಗಟ್ಟಿ ಭಾಗವನ್ನು ನೆಲದ ಮಟ್ಟಕ್ಕೆ ತಂದು ಉಬ್ಬಿಸಿದರೆ ಒಟ್ಟು ದಪ್ಪ ಸುಮಾರು 1475 ಮೀಟರ್ ಆಗುತ್ತದೆ. 475 ಮೀಟರ್ ಕಡಿಮೆ ಲೆಕ್ಕ ಹಾಕಿ ಫಾಲ್ಟನ್ನು ವಾಪಸ್ ತಳ್ಳಿದರೆ ಅದು ಎಲ್ಲಿ ಕೂರುತ್ತದೆ? ಮರಳುಗಲ್ಲು ಇಷ್ಟು ಕುಗ್ಗುವುದಿಲ್ಲ. ಫಾಲ್ಟಿನ ಒಂದು ಕಡೆ ಶೇಲ್, ಇನ್ನೊಂದು ಕಡೆ ಮರಳುಗಲ್ಲು ಇದ್ದರೆ ಫಾಲ್ಟ್ ಜಾರದಿದ್ದರೂ ಎರಡು ಕಡೆಯ ಮಟ್ಟ ಬೇರೆಯಾಗುತ್ತದೆ. ಅದನ್ನು ಜಾರುವಿಕೆ ಅಂತ ಎಣಿಸಬೇಡಿ.

ನಾಲ್ಕನೆಯದರಲ್ಲಿ ಸಾಫ್ಟ್‌ವೇರಿನ ಡೀಫಾಲ್ಟ್ ನಂಬಬೇಡಿ. ಹೆಚ್ಚಿನವರು ವರ್ಟಿಕಲ್ ಶಿಯರ್ (ಪದರಗಳನ್ನು ನೆಟ್ಟಗೆ ಸೀಳಿ ಜಾರಿಸುವ ವಿಧಾನ) ಇಟ್ಟುಕೊಂಡೇ ಮುಂದೆ ಹೋಗುತ್ತಾರೆ. ಬಾಗಿದ ಫಾಲ್ಟಿನ ಮೇಲೆ ಇಳಿದ ಪದರಕ್ಕೆ ಓರೆಯಾದ ಶಿಯರ್ ಚೆನ್ನಾಗಿ ಹೊಂದುತ್ತದೆ. ಪುಸ್ತಕದ ಹಾಗೆ ವಾಲಿದ ಬ್ಲಾಕಿಗೆ ಇಡೀ ಬ್ಲಾಕನ್ನು ತಿರುಗಿಸುವುದೇ ಸರಿ. ಮಡಿಕೆ ಬಿದ್ದ ಥ್ರಸ್ಟ್ ಪದರಗಳಿಗೆ ಫ್ಲೆಕ್ಸುರಲ್ ಸ್ಲಿಪ್ (ಪದರಗಳು ಇಸ್ಪೀಟು ಎಲೆಗಳ ಹಾಗೆ ಒಂದರ ಮೇಲೊಂದು ಜಾರುವುದು).

ಈಗ ಕತ್ತರಿ. ಒಬ್ಬ ಹುಡುಗನಿಗೆ ಸ್ಕ್ರೀನ್ ಮೇಲೆ ಎರಡು ವಾರ ಬಗೆಹರಿಯದ ಸೆಕ್ಷನ್ ಇತ್ತು. ಟ್ರೇಸಿಂಗ್ ಪೇಪರಿನ ಮೇಲೆ ಬರೆಸಿ, ಫಾಲ್ಟ್ ಗೆರೆಯ ಉದ್ದಕ್ಕೂ ಕತ್ತರಿಸಲು ಹೇಳಿದೆ. ಎಂಟು ತುಂಡು ಆದವು. ಮೇಜಿನ ಮೇಲೆ ಒಂದೊಂದೇ ಜಾರಿಸಿ ಮೇಲಿನ ಗೆರೆ ಸಮ ಮಾಡುತ್ತಾ ಬಂದ. ಏಳು ತುಂಡು ಕೂತವು. ಎಂಟನೆಯದರ ಬುಡ ಪಕ್ಕದ ತುಂಡಿನ ಮೇಲೆ ಬೆರಳಗಲ ಹತ್ತಿಕೊಂಡಿತು, ಎಷ್ಟು ಸರಿಸಿದರೂ. ಆ ಫಾಲ್ಟ್ ಪಕ್ಕದ ಸೈಸ್ಮಿಕ್ ಲೈನಿನಲ್ಲಿ ಬೇರೆ ಕಡೆಗೆ ವಾಲಿತ್ತು. ಇವನು ಎರಡನ್ನೂ ಒಂದೇ ಅಂತ ಸೇರಿಸಿದ್ದ. ಹದಿನೈದು ನಿಮಿಷದ ಕೆಲಸ.

ಇನ್ನೊಂದು ಮುಖ್ಯ ಮಾತು. ಎರಡು ಆಯಾಮದ ರೆಸ್ಟೋರೇಶನ್ ಸರಿ ಬರಬೇಕಾದರೆ ಸೆಕ್ಷನ್ ಜಾರಿದ ದಿಕ್ಕಿನಲ್ಲೇ ಇರಬೇಕು. ಬಾರ್ಮೇರ್‌ನಲ್ಲಿ ನೆಲ ಎರಡು ಕಾಲದಲ್ಲಿ ಎರಡು ಬೇರೆ ದಿಕ್ಕಿಗೆ ಎಳೆದುಕೊಂಡಿದೆ. ಮೊದಲು ವಾಯವ್ಯ-ಆಗ್ನೇಯ, ಆಮೇಲೆ ಈಶಾನ್ಯ-ನೈಋತ್ಯ. ಹಾಗಾಗಿ ಹಳೆ ಫಾಲ್ಟುಗಳು ಹೊಸದರ ಜೊತೆ ಓರೆಯಾಗಿ ಸೇರುತ್ತವೆ. ಯಾವ ಒಂದು ಸೆಕ್ಷನ್ನೂ ಎರಡೂ ಕಾಲಕ್ಕೆ ಸರಿಹೊಂದುವುದಿಲ್ಲ. ಇಂಥ ಕಡೆ ಪದರಗಳನ್ನು ಮ್ಯಾಪಿನ ಮೇಲೂ ಬಿಚ್ಚಿ ನೋಡಬೇಕು, ಆಗದಿದ್ದರೆ ಒಂದೊಂದು ಕಾಲಕ್ಕೆ ಒಂದೊಂದು ದಿಕ್ಕಿನ ಸೆಕ್ಷನ್ ಆದರೂ ತೆಗೆಯಬೇಕು.

ಅಪಾಯದ ಸೂಚನೆಗಳು: ಬಿಚ್ಚಿದ ಮೇಲೆ ಕುಗ್ಗುವಿಕೆಯ ಲೆಕ್ಕ ಬಿಟ್ಟು ಸೆಕ್ಷನ್ನಿನ ವಿಸ್ತೀರ್ಣ ಬದಲಾಗಿದೆ. ಬ್ಲಾಕುಗಳ ನಡುವೆ ದೊಡ್ಡ ಸಂದು ಬಿದ್ದಿದೆ. ರಿಫ್ಟ್ ಶುರುವಾಗುವ ಮುಂಚಿನ ಪದರ ಇನ್ನೂ ಮೆಟ್ಟಿಲಿನ ಹಾಗೆ ಕಾಣುತ್ತಿದೆ. ಇದರಲ್ಲಿ ಒಂದು ಕಂಡರೂ ಮುಂದಕ್ಕೆ ಹೋಗಬೇಡಿ.

ಹಂತ 4: ಕೊಚ್ಚಿಹೋದ ಪದರವನ್ನು ವಾಪಸ್ ಇಡಿ

ಬಾರ್ಮೇರ್ ಬೇಸಿನ್ನಿನ ಉತ್ತರ ಭಾಗ ಮೇಲೆದ್ದು ಸವೆದಿದೆ, ದಕ್ಷಿಣಕ್ಕೆ ಹೋದಂತೆ ಆಳ ಜಾಸ್ತಿ. ಇವತ್ತಿನ ಆಳವನ್ನೇ ನಂಬಿದರೆ ಉತ್ತರದಲ್ಲಿ ಮೂಲಶಿಲೆ ಎಷ್ಟು ಬಿಸಿ ಕಂಡಿತ್ತು ಅನ್ನುವುದು ಗೊತ್ತೇ ಆಗುವುದಿಲ್ಲ.

ಎಷ್ಟು ಹೋಗಿದೆ ಅಂತ ಅಂದಾಜು ಮಾಡಲು ಆಳಕ್ಕೆ ತಕ್ಕಂತೆ ಹಾಕಿದ ವಿಟ್ರಿನೈಟ್ ಗೆರೆಯನ್ನು ಲಾಗರಿದಮ್ ಅಳತೆಯಲ್ಲಿ ಮೇಲಕ್ಕೆ ಎಳೆಯಿರಿ. ನೆಲದ ಮಟ್ಟದಲ್ಲಿ ಬೆಲೆ ಸುಮಾರು ಶೇ. 0.2 ಇರಬೇಕು. ಗೆರೆ ಅದನ್ನು ಮುಟ್ಟುವುದು ನೆಲದಿಂದ 900 ಮೀಟರ್ ಮೇಲೆ ಅಂದರೆ ಅಷ್ಟು ಪದರ ಹೋಗಿದೆ. ಸೋನಿಕ್ ಲಾಗಿನಲ್ಲಿ (ಬಾವಿಯಲ್ಲಿ ತೆಗೆದ ಧ್ವನಿವೇಗದ ಅಳತೆಯಲ್ಲಿ) ಶೇಲ್ ತನ್ನ ಆಳಕ್ಕೆ ಸಲ್ಲದಷ್ಟು ವೇಗ ತೋರಿಸುತ್ತಿದೆಯಾ ಅಂತಲೂ ನೋಡಿ. ಅಪಟೈಟ್ ಫಿಷನ್ ಟ್ರ್ಯಾಕ್ (ಅಪಟೈಟ್ ಖನಿಜದಲ್ಲಿ ಯುರೇನಿಯಂ ಒಡೆದು ಉಳಿಸಿದ ಗೀರು) ಸಿಕ್ಕರೆ ತಣಿದ ಕಾಲವೂ ಸಿಗುತ್ತದೆ.

ಇಡೀ ಬೇಸಿನ್ನಿಗೆ ಒಂದೇ ಅಂಕಿ ಹಾಕುವುದು ಇಲ್ಲಿಯ ಮಾಮೂಲಿ ತಪ್ಪು. ಫಾಲ್ಟ್ ಬ್ಲಾಕಿನ ಎತ್ತರದ ತುದಿ ಜಾಸ್ತಿ ಸವೆಯುತ್ತದೆ, ಇಳಿದ ತುದಿ ಕಡಿಮೆ. ಬ್ಲಾಕಿಗೊಂದು ಮ್ಯಾಪ್ ಮಾಡಿ.

ಹಂತ 5: ಶಾಖ

ನಾನು ಮೊದಲ ಸಲ ಮಾಡಿದಾಗ ಬಾವಿಗೊಂದು ಹೀಟ್ ಫ್ಲೋ (ತಳದಿಂದ ಮೇಲೆ ಬರುವ ಶಾಖ) ಇಟ್ಟೆ. ಪ್ರತಿ ಬಾವಿಯಲ್ಲೂ ಮಾಡೆಲಿನ ಗೆರೆ ಅಳತೆಯ ಚುಕ್ಕಿಗಳ ಮೇಲೆ ಸರಿಯಾಗಿ ಕೂತಿತು, ಖುಷಿಯೋ ಖುಷಿ. ಮ್ಯಾಪ್ ತೆಗೆದರೆ ರಂಗೋಲಿ ಚುಕ್ಕಿ ಇಟ್ಟ ಹಾಗೆ ಬಾವಿಯ ಸುತ್ತ ಸುತ್ತ ವೃತ್ತಗಳು. ಕೆಳಗಿನಿಂದ ಬರುವ ಶಾಖಕ್ಕೆ ನಾವು ಎಲ್ಲಿ ಬಾವಿ ಕೊರೆದಿದ್ದೇವೆ ಅಂತ ಹೇಗೆ ಗೊತ್ತಾಗಬೇಕು? ಅಂಥ ವೃತ್ತ ಕಂಡರೆ ನೀವು ಮುಚ್ಚುತ್ತಿರುವುದು ಬೇರೆ ತಪ್ಪನ್ನು. ಹೆಚ್ಚಾಗಿ ಹಂತ 4ರದ್ದು, ಇಲ್ಲವೇ ಕಲ್ಲಿನ ಗುಣದ್ದು.

ರಿಫ್ಟಿನಲ್ಲಿ ಭೂಚಿಪ್ಪು ಹಿಗ್ಗಿ ತೆಳುವಾದಾಗ ಶಾಖ ಏರುತ್ತದೆ, ಹಿಗ್ಗುವುದು ನಿಂತ ಮೇಲೆ ನಿಧಾನ ಇಳಿಯುತ್ತದೆ. ಇಳಿಯುವ ಕಾಲಮಾನ ಸುಮಾರು 6 ಕೋಟಿ ವರ್ಷ. ಇದಕ್ಕೆ ಭೂವಿಜ್ಞಾನಿ ಮೆಕೆಂಜಿ 1978ರಲ್ಲಿ ಕೊಟ್ಟ ಮಾದರಿ ಸಾಕು. ಹಿಗ್ಗಿದ ಪ್ರಮಾಣವನ್ನು ಹಂತ 3ರ ರೆಸ್ಟೋರೇಶನ್ನಿಗೆ ತಾಳೆ ನೋಡಿ. ಶಾಖಕ್ಕೆ ಬೇಕಾದ ಹಿಗ್ಗುವಿಕೆ ಫಾಲ್ಟುಗಳು ತೋರಿಸುವುದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಸಣ್ಣ ಫಾಲ್ಟುಗಳು ಲೆಕ್ಕಕ್ಕೆ ಬಂದಿಲ್ಲವೋ, ಶಾಖ ತಪ್ಪೋ ಅಂತ ಹುಡುಕಿ.

ಬಾವಿಯ ತಳದ ಉಷ್ಣತೆಯನ್ನು ಹಾಗೇ ಹಾಕಬೇಡಿ. ಕೊರೆಯುವಾಗ ಓಡಾಡಿದ ಮಡ್ (ಕೊರೆಯಲು ಬಳಸುವ ಕೆಸರುದ್ರವ) ಬಾವಿಯನ್ನು ತಣಿಸಿರುತ್ತದೆ, ಓದು ಸಾಮಾನ್ಯವಾಗಿ ಕಡಿಮೆ. ಬೇರೆ ಬೇರೆ ಹೊತ್ತಿಗೆ ತೆಗೆದ ಎರಡು ಮೂರು ಓದು ಇದ್ದರೆ ಹಾರ್ನರ್ ತಿದ್ದುಪಡಿ (ಆ ಓದುಗಳಿಂದ ನಿಜವಾದ ಉಷ್ಣತೆ ಅಂದಾಜು ಮಾಡುವುದು) ಮಾಡಿ. ವಿಟ್ರಿನೈಟ್‌ಗೂ ಒಂದು ಚಾಳಿ ಇದೆ. ಸರೋವರದ ತಳದಲ್ಲಿ ಹುಟ್ಟಿದ, ಹೈಡ್ರೋಜನ್ ಜಾಸ್ತಿ ಇರುವ ಶೇಲ್‌ನಲ್ಲಿ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಅಲ್ಲಿಯ ಬಾರ್ಮೇರ್ ಹಿಲ್ ಅನ್ನುವ ಪದರದ ಮೂಲಶಿಲೆಯೂ ಸರೋವರದ ಜಾತಿಯದೇ. ಆ ಪದರದ ಚುಕ್ಕಿಗಳನ್ನು ಬಿಟ್ಟು ಮೇಲಿನ, ಕೆಳಗಿನ ಚುಕ್ಕಿಗಳಿಗೆ ಗೆರೆ ಕೂರಿಸಿ.

ಫಾಲ್ಟಿಗೆ ಅಂಟಿಕೊಂಡಂತಿರುವ ಬಾವಿಯೊಂದು ಮಾತ್ರ ಬಿಸಿ ತೋರಿಸಿದರೆ ಅದು ಫಾಲ್ಟಿನಲ್ಲಿ ಮೇಲೆ ಬಂದ ಬಿಸಿನೀರಿನ ಕೆಲಸ ಇರಬಹುದು. ಅದನ್ನು ಬೇಸಿನ್ನಿನ ಶಾಖ ಅಂತ ಎಲ್ಲೆಡೆ ಹಚ್ಚಬೇಡಿ.

ಮೂಲಶಿಲೆ ಬೇಯುವ ಲೆಕ್ಕಕ್ಕೆ ಅಲ್ಲಿಯದೇ ಕೈನೆಟಿಕ್ಸ್ (ಯಾವ ಉಷ್ಣತೆಗೆ ಎಷ್ಟು ಬೇಗ ಎಣ್ಣೆ ಬಿಡುತ್ತದೆ ಅನ್ನುವ ಅಂಕಿಗಳು) ಬಳಸಿ. ಸರೋವರದ ಟೈಪ್ 1 ಶಿಲೆ ಕಿರಿದಾದ ಉಷ್ಣತೆಯ ಅಂತರದಲ್ಲಿ ಒಮ್ಮೆಲೇ ಎಣ್ಣೆ ಬಿಡುತ್ತದೆ. ಡೀಫಾಲ್ಟ್ ಟೈಪ್ 2 (ಹೆಚ್ಚಾಗಿ ಸಮುದ್ರದ ಶಿಲೆಯದು) ಹಾಕಿದರೆ ಎಣ್ಣೆ ಹೊರಟ ಕಾಲವೇ ತಪ್ಪಾಗುತ್ತದೆ.

ಹಂತ 6: ಪ್ರತಿ ಫಾಲ್ಟಿಗೆ, ಪ್ರತಿ ಕಾಲಕ್ಕೆ, ಗುಣ ಕೊಡಿ

ಹಂತ 3ರಲ್ಲಿ ಬರೆದ ಜಾತಕ ಈಗ ತೆಗೆಯಿರಿ. ಜಾರುತ್ತಿರುವ ಫಾಲ್ಟ್ ಉದ್ದಕ್ಕೆ ಎಣ್ಣೆ ಬಿಡಬಹುದು. ಮಲಗಿದ ಫಾಲ್ಟ್ ಅದೇ ಎಣ್ಣೆಯನ್ನು ತಡೆಯಬಹುದು. ಇಡೀ ಇತಿಹಾಸಕ್ಕೆ "ಓಪನ್" ಅಥವಾ "ಕ್ಲೋಸ್ಡ್" ಅಂತ ಒಂದೇ ಗುಂಡಿ ಒತ್ತುವುದೇ ಈ ಹಂತದಲ್ಲಿ ಎಲ್ಲರೂ ಮಾಡುವ ತಪ್ಪು.

ಮೊದಲು ಫಾಲ್ಟಿನ ಎದುರುಬದುರು ಏನಿದೆ ನೋಡಿ. ಮರಳಿಗೆ ಎದುರು ಶೇಲ್ ಇದ್ದರೆ ಅಡ್ಡ ದಾಟುವ ದಾರಿ ಮುಚ್ಚಿದೆ. ಮರಳಿಗೆ ಎದುರು ಮರಳು ಬಂದರೆ ಫಾಲ್ಟಿನ ಒಳಗಿನ ಜೇಡಿಯನ್ನು ಲೆಕ್ಕ ಹಾಕಬೇಕು. ಇದಕ್ಕೆ ಬಳಸುವುದು ಶೇಲ್ ಗೌಜ್ ರೇಶಿಯೋ, ಎಸ್‌ಜಿಆರ್. ಫಾಲ್ಟಿನ ಒಂದು ಬಿಂದುವನ್ನು ದಾಟಿ ಜಾರಿದ ಪದರಗಳಲ್ಲಿ ಜೇಡಿ ಎಷ್ಟು ಅನ್ನುವುದೇ ಅದು.

ಥ್ರೋ 100 ಮೀಟರ್ ಅಂದುಕೊಳ್ಳಿ. ಆ ಬಿಂದು ದಾಟಿ ಹೋದದ್ದು 30 ಮೀಟರ್ ಶೇಲ್ (ಜೇಡಿ ಶೇ. 70), 50 ಮೀಟರ್ ಮರಳುಗಲ್ಲು (ಶೇ. 10), 20 ಮೀಟರ್ ಸಿಲ್ಟ್ (ಶೇ. 40). ಜೇಡಿ 21, 5, 8 ಮೀಟರ್, ಒಟ್ಟು 34. ನೂರಕ್ಕೆ ಭಾಗಿಸಿದರೆ ಎಸ್‌ಜಿಆರ್ ಶೇ. 34. ಸಾಮಾನ್ಯವಾಗಿ ಶೇ. 15ರಿಂದ 20ರ ಮೇಲೆ ಹೋದರೆ ತಡೆಯಲು ಶುರು ಮಾಡುತ್ತದೆ ಅಂತ ಇಟ್ಟುಕೊಳ್ಳುತ್ತಾರೆ. ಆದರೆ ಈ ಗಡಿಯನ್ನು ನಿಮ್ಮ ಬೇಸಿನ್ನಿನ ಒತ್ತಡದ ಅಳತೆಯಿಂದ ಪರೀಕ್ಷಿಸಿ. ಫಾಲ್ಟಿನ ಎರಡೂ ಕಡೆ ಒಂದೇ ರಿಸರ್ವಾಯರಿನಲ್ಲಿ (ಎಣ್ಣೆ ತುಂಬುವ ಕಲ್ಲಿನ ಪದರದಲ್ಲಿ) ಬೇರೆ ಬೇರೆ ಎಣ್ಣೆ-ನೀರಿನ ಮಟ್ಟ ಇದೆಯಾ? ಇದ್ದರೆ ಅದು ತಡೆಯುತ್ತಿದೆ, ಸೂತ್ರ ಏನೇ ಹೇಳಲಿ.

ಥ್ರೋ ಕಾಲಕ್ಕೆ ತಕ್ಕಂತೆ ಬೆಳೆದಿದೆ ಅನ್ನುವುದನ್ನೂ ಮರೆಯಬೇಡಿ. ಇವತ್ತಿನ 100 ಮೀಟರ್ ಥ್ರೋ ಎಣ್ಣೆ ಹೊರಟಾಗ 40 ಮೀಟರ್ ಇದ್ದಿರಬಹುದು. ಆಗ ಎದುರುಬದುರು ಇದ್ದ ಪದರಗಳೇ ಬೇರೆ, ಎಸ್‌ಜಿಆರ್ ಕೂಡ ಬೇರೆ.

ಹಂತ 7: ಎಣ್ಣೆ ಓಡಿಸಿ

ಓಡಿಸುವ ಮೊದಲು ಒಂದು ಹಾಳೆಯಲ್ಲಿ ಕಾಲದ ಗೆರೆ ಎಳೆಯಿರಿ. ಮೂಲಶಿಲೆ ಎಣ್ಣೆ ಬಿಟ್ಟ ಕಾಲ, ಮುಚ್ಚಳದ ಪದರ ಬಿದ್ದ ಕಾಲ, ಟ್ರ್ಯಾಪ್ ತಯಾರಾದ ಕಾಲ, ಫಾಲ್ಟ್ ಕೊನೆಯ ಸಲ ಜಾರಿದ ಕಾಲ, ಇವನ್ನು ಒಂದರ ಕೆಳಗೊಂದು ಬರೆಯಿರಿ. ಟ್ರ್ಯಾಪ್ ತಯಾರಾಗುವ ಮುಂಚೆಯೇ ಎಣ್ಣೆ ಹೊರಟು ಮುಗಿದಿದ್ದರೆ ಹಾಲು ಉಕ್ಕಿ ಹೋದ ಮೇಲೆ ಪಾತ್ರೆ ತಂದ ಹಾಗೆ. ಈ ಹಾಳೆ ನೋಡಿಯೇ ಎಷ್ಟೋ ಮಾಡೆಲ್‌ಗಳ ಉತ್ತರ ಹೇಳಿಬಿಡಬಹುದು.

ಎಣ್ಣೆ ನಿಧಾನ ಹರಿಯುವ ಶೇಲ್‌ನಲ್ಲಿ ಡಾರ್ಸಿ (ಒತ್ತಡದಿಂದ ಹರಿವಿನ ಲೆಕ್ಕ), ಸಲೀಸಾದ ರಿಸರ್ವಾಯರಿನಲ್ಲಿ ಫ್ಲೋಪಾತ್ (ಎಣ್ಣೆ ಮೇಲಕ್ಕೇರುವ ದಾರಿಯನ್ನಷ್ಟೇ ಗುರುತಿಸುವುದು), ಹೀಗೆ ಮಿಶ್ರ ವಿಧಾನ ಸಾಮಾನ್ಯವಾಗಿ ಸಾಕು. ಫಾಲ್ಟ್ ದಾಟುವುದು ಮುಖ್ಯವಾದ ಕಡೆ ಇನ್ವೇಶನ್ ಪರ್ಕೊಲೇಶನ್ (ಎಣ್ಣೆ ಸುಲಭವಾದ ರಂಧ್ರ ಹುಡುಕಿ ನುಗ್ಗುತ್ತದೆ ಅನ್ನುವ ಲೆಕ್ಕ) ಪ್ರಯತ್ನಿಸಿ. ಮೊದಲ ಓಟ ಒರಟು ಗ್ರಿಡ್ಡಿನಲ್ಲಿ ಮಾಡಿ, ರಾತ್ರಿಯೆಲ್ಲ ಓಡುವ ಮಾಡೆಲಿನಲ್ಲಿ ತಪ್ಪು ಹುಡುಕುವುದು ದಂಡ.

ಹುಟ್ಟಿದ ಎಣ್ಣೆಯಲ್ಲಿ ಅರ್ಧದಷ್ಟು ಟ್ರ್ಯಾಪಿನಲ್ಲೇ ಕೂತಿದೆ ಅಂತ ಮಾಡೆಲ್ ಹೇಳಿದರೆ ನಂಬಬೇಡಿ. ದಾರಿಯಲ್ಲಿ ಕಲ್ಲಿಗೆ ಅಂಟಿ ಉಳಿಯುವುದು, ಮೇಲೆ ಸೋರಿ ಹೋಗುವುದು ಬಹಳ ಇರುತ್ತದೆ. ಎಣ್ಣೆಯೆಲ್ಲ ಮಾಡೆಲಿನ ಅಂಚಿನಿಂದ ಹೊರಗೆ ಹೋಗಿದ್ದರೆ ಅಂಚನ್ನು ತಪ್ಪು ಜಾಗದಲ್ಲಿ ಕತ್ತರಿಸಿದ್ದೀರಿ.

ಹಂತ 8: ಬಚ್ಚಿಟ್ಟ ಬಾವಿ

ಹಂತ 2ರಲ್ಲೇ ಒಂದು ಬಾವಿಯ ಉಷ್ಣತೆ, ವಿಟ್ರಿನೈಟ್, ಎಣ್ಣೆ ಸಿಕ್ಕಿತೋ ಇಲ್ಲವೋ ಅನ್ನುವ ಫಲಿತಾಂಶವನ್ನು ಬೇರೆಯವರ ಕೈಗೆ ಕೊಟ್ಟುಬಿಡಿ. ನಿಮ್ಮ ಫೋಲ್ಡರಿನಲ್ಲಿ ಇರಬಾರದು, ಇದ್ದರೆ ಕಣ್ಣು ಹೋಗೇ ಹೋಗುತ್ತದೆ. ಒಣಬಾವಿಯಾದರೆ ಇನ್ನೂ ಒಳ್ಳೆಯದು. ಈಗ ಮಾಡೆಲ್ ಆ ಜಾಗದಲ್ಲಿ ಏನು ಹೇಳುತ್ತದೆ ಅಂತ ಬರೆದುಕೊಟ್ಟು, ಆಮೇಲೆ ಫಲಿತಾಂಶ ಕೇಳಿ.

ಉಷ್ಣತೆ ತಪ್ಪಿದರೆ ಹಂತ 5ಕ್ಕೆ ಹೋಗಿ. ವಿಟ್ರಿನೈಟ್ ತಪ್ಪಿ, ಉಷ್ಣತೆ ಸರಿ ಇದ್ದರೆ ಹಂತ 4ಕ್ಕೆ. ಎರಡೂ ಸರಿ, ಎಣ್ಣೆ ಮಾತ್ರ ತಪ್ಪಿದ್ದರೆ ಎಲ್ಲರ ಕೈ ಮೊದಲು ಹಂತ 6ರ ಎಸ್‌ಜಿಆರ್ ಗಡಿಯ ಮೇಲೆ ಹೋಗುತ್ತದೆ, ಅಲ್ಲಿ ಅಂಕಿ ಬದಲಾಯಿಸುವುದು ಸುಲಭ ನೋಡಿ. ಅದನ್ನು ಮುಟ್ಟುವ ಮುಂಚೆ ಹಂತ 3ರ ಕೋಷ್ಟಕ ತೆಗೆದು, ಆ ಬಾವಿಯ ಪಕ್ಕದ ಫಾಲ್ಟಿನ ಎರಡೂ ಕಡೆಯ ದಪ್ಪವನ್ನು ಮತ್ತೊಮ್ಮೆ ಅಳೆಯಿರಿ.